ಗೂಟದ ನಿಯಮ

ಓದಿ ಸಂಪಾದಿಸಿದ ಬುದ್ಧಿಯನ್ನು ಮನುಷ್ಯ ಎಲ್ಲಿ ಬೇಕಾದರೂ ಸುರಿಯಬಹುದು. ಅಕ್ಕ ತನ್ನದನ್ನೆಲ್ಲ ಊರವರ ಕೊಳೆ ಬೆಡ್‌ಶೀಟುಗಳ ಮೇಲೆ ಸುರಿದಳು. ಬೇಕೆಂದೇ ಸುರಿದಳೇ? ಎಲ್ಲಿ ಬಂತು! ಬಿಸಿನೆಸ್ ಸ್ಕೂಲಿನಲ್ಲಿ ಮುಂದಿನ ಸಾಲಿನಲ್ಲಿ ಕೂತು, ಮೇಷ್ಟ್ರ ಪ್ರಶ್ನೆ ಮುಗಿಯುವ ಮೊದಲೇ ಕೈ ಎತ್ತುತ್ತಿದ್ದ ಹುಡುಗಿ ಅವಳು. ಅಪ್ಪ ಬೆನ್ನುನೋವೆಂದು ಹಾಸಿಗೆ ಹಿಡಿದಾಗ, "ಒಂದಾರು ತಿಂಗಳು ನಾನು ನೋಡ್ಕೋತೀನಿ ಬಿಡಿ" ಎಂದು ಅವರ ಲಾಂಡ್ರಿಗೆ ಕಾಲಿಟ್ಟಳು. ಅಪ್ಪನ ಬೆನ್ನು ಯಾವ ಕಾಲದಲ್ಲೋ ನೆಟ್ಟಗಾಯಿತು. ಈಗ ಅವರು ಬೆಳಿಗ್ಗೆ ವಾಕಿಂಗು, ಸಂಜೆ ಗೆಳೆಯರ ಜೊತೆ ಇಸ್ಪೀಟು ಅಂತ ಹಾಯಾಗಿದ್ದಾರೆ. ಅಕ್ಕ ಮಾತ್ರ ಇನ್ನೂ ಲಾಂಡ್ರಿಯಲ್ಲೇ ಇದ್ದಾಳೆ.

ಅವಳಿಗೊಂದು ಹೆಸರಿಲ್ಲವೇ ಅಂದರೆ, ಇತ್ತು. ಅವಳ ತಮ್ಮ ಅವಳನ್ನು ಅಕ್ಕ ಎಂದ, ನ್ಯಾಯವೇ. ಅವನು ಕರೆದದ್ದನ್ನು ಕೇಳಿ ಇಸ್ತ್ರಿಯ ಹೆಂಗಸರು ಕರೆದರು. ಅವಳಿಗಿಂತ ದೊಡ್ಡವನಾದ ವ್ಯಾನ್ ಡ್ರೈವರು ಕರೆದ, ಬಟ್ಟೆ ಒಗೆಯಲು ಕೊಡುವ ಹೋಟೆಲಿನವರು ಕರೆದರು, ಆಸ್ಪತ್ರೆಯವರು ಕರೆದರು. ಈಚೆಗೆ ಹೆತ್ತ ಅಪ್ಪನೇ "ಅಕ್ಕನ್ನ ಒಂದ್ಮಾತು ಕೇಳ್ರೋ" ಅನ್ನುತ್ತಾರೆ. ಅಲ್ಲಿಗೆ ಹೆಸರಿನ ಕಥೆ ಮುಗಿಯಿತು.

ಅವಳ ಗಂಡ ಬೇರೆ ಊರಿನಲ್ಲಿ ಸೇತುವೆ ಕಟ್ಟುವ ಎಂಜಿನಿಯರು. ಮಗಳು ಓದುವುದು ಅಲ್ಲೇ, ಅಪ್ಪನ ಜೊತೆ. ಅಕ್ಕ ರಜಾ ಸಿಕ್ಕಾಗ ರೈಲು ಹತ್ತಿ ಹೋಗಿ ಬರುತ್ತಾಳೆ. ರಜಾ ಕೊಡುವವಳೂ ಅವಳೇ, ಆದರೂ ಸಿಗುವುದಿಲ್ಲ. ಮೊದಮೊದಲು ಮಗಳು ಫೋನಿನಲ್ಲಿ "ಅಮ್ಮ, ಯಾವಾಗ ಬರ್ತೀಯ?" ಎಂದು ಅಳುತ್ತಿದ್ದಳು. ಅಕ್ಕ "ನೋಡೋಣ ಕಂದ" ಅನ್ನುತ್ತಿದ್ದಳು. ಈಗ ಹುಡುಗಿ ಜಾಣೆಯಾಗಿದ್ದಾಳೆ, ಅಳುವುದಿಲ್ಲ. "ಅಮ್ಮ, ಈ ಸಲ ಬರ್ತೀಯೋ, ಇಲ್ಲಾ ನೋಡೋಣವೋ?" ಎಂದು ನೇರವಾಗಿ ಕೇಳುತ್ತಾಳೆ. ಆ ಪ್ರಶ್ನೆಗೆ ಅಕ್ಕ ಕ್ಯಾಲೆಂಡರಿನ ಹಾಳೆ ತಿರುವಿ ನೋಡುತ್ತಾಳೆ. ಆಮೇಲೆ ಕೆಳಗಿನಿಂದ ಯಾರೋ "ಅಕ್ಕಾ, ಬಾಯ್ಲರು!" ಎಂದು ಕೂಗುತ್ತಾರೆ, ಅವಳು ಫೋನಿಟ್ಟು ಓಡುತ್ತಾಳೆ.

ಇಂಥವಳಿಗೆ ಈ ವರ್ಷ ಒಂದು ಬಾಗಿಲು ತೆರೆಯಿತು. ತಮ್ಮನಿಗೆ ಬೇರೇನೋ ವ್ಯಾಪಾರದ ಹುಚ್ಚು ಹಿಡಿದು, ಲಾಂಡ್ರಿ ಮಾರೋಣವೆಂದು ಅಪ್ಪನನ್ನು ಒಪ್ಪಿಸಿದ. ಕೊಳ್ಳುವುದಕ್ಕೆ ಮುಂದೆ ಬಂದದ್ದು, ಊರೂರಿನ ಲಾಂಡ್ರಿಗಳನ್ನು ಒಂದೊಂದಾಗಿ ನುಂಗುತ್ತಿದ್ದ ದೊಡ್ಡ ಕಂಪನಿ. ಆ ಕಂಪನಿಯ ಪರವಾಗಿ ನೋಡಿಕೊಂಡು ಹೋಗಲು ಬರುವವನು ಯಾರೆಂದು ಅಕ್ಕ ಎರಡೆರಡು ಸಲ ಕೇಳಿದಳು. ಅವಳ ಕ್ಲಾಸ್‌ಮೇಟು, ಅವಳ ಪ್ರಾಜೆಕ್ಟಿನ ಜೊತೆಗಾರ, ಮೌನಿ.

ಮೌನಿ ಎಂಬುದು ಕ್ಲಾಸಿನವರು ಇಟ್ಟ ಹೆಸರು. ಎರಡು ವರ್ಷದಲ್ಲಿ ಅವನ ಬಾಯಿಂದ ಬಂದ ಮಾತನ್ನೆಲ್ಲ ಸೇರಿಸಿದರೆ ಅಕ್ಕನ ಒಂದು ಮಧ್ಯಾಹ್ನಕ್ಕೆ ಸಾಲದು. ಪ್ರಾಜೆಕ್ಟಿನಲ್ಲಿ ಅವಳು ಮಾತಾಡುವಳು, ಅವನು ಪಕ್ಕದಲ್ಲಿ ನಿಂತು ಸ್ಲೈಡು ತಿರುಗಿಸುವನು. ಮನೆಯವರೇ ನಡೆಸುವ ಕಂಪನಿಗಳನ್ನು ಕೊಳ್ಳುವುದು ಹೇಗೆ ಎಂಬುದು ಅವರ ವಿಷಯ. ಆವತ್ತು ಅವಳು ಇಡೀ ಕ್ಲಾಸಿನ ಮುಂದೆ ನಿಂತು ಎಂಥ ಮಾತು ಹೇಳಿದ್ದಳು ಗೊತ್ತೇ? "ಕಟ್ಟಡ ನೋಡ್ಬೇಡಿ, ಯಂತ್ರ ನೋಡ್ಬೇಡಿ. ಏನಾದ್ರೂ ಕೆಟ್ಟಾಗ ಎಲ್ಲರೂ ಯಾರ ಕಡೆ ತಿರುಗಿ ನೋಡ್ತಾರೆ ಅದನ್ನ ನೋಡಿ. ಆ ಮನುಷ್ಯನೇ ಗೂಟ. ಇಡೀ ಡೇರೆ ನಿಂತಿರೋದು ಆ ಗೂಟಕ್ಕೆ ಕಟ್ಟಿಕೊಂಡು. ಐದು ವರ್ಷ ಜಾಗ ಬಿಟ್ಟು ಕದಲಲ್ಲ ಅಂತ ಅವನ ಹತ್ರ ಬರೆಸಿಕೊಂಡ್ರೆ ಮಾತ್ರ ಕೊಳ್ಳಿ. ಇಲ್ದಿದ್ರೆ ನೀವು ಕೊಂಡಿದ್ದು ಬರೀ ಬಟ್ಟೆ."

ಹಿಂದಿನ ಬೆಂಚಿನ ಒಬ್ಬ ತರಲೆ ಕೈ ಎತ್ತಿ, "ಗೂಟಕ್ಕೆ ಇಷ್ಟ ಇಲ್ದಿದ್ರೆ?" ಎಂದು ಕೇಳಿದ್ದ.

"ಗೂಟಾನ ಯಾರು ಕೇಳ್ತಾರೆ?" ಎಂದಿದ್ದಳು ಅಕ್ಕ.

ಇಡೀ ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಮೇಷ್ಟ್ರೂ ನಕ್ಕರು, ಅತಿ ಹೆಚ್ಚು ಅಂಕವನ್ನೂ ಕೊಟ್ಟರು. ಮೌನಿ ಅದನ್ನೇ ಹಿಡಿದುಕೊಂಡು ಮೇಲೆ ಬಂದ. ಅವನ ಕಂಪನಿಯಲ್ಲಿ ಈಗಲೂ ಅದಕ್ಕೆ ಗೂಟದ ನಿಯಮ ಅನ್ನುತ್ತಾರಂತೆ. ಕೊಳ್ಳುವ ಪ್ರತಿ ಲಾಂಡ್ರಿಯಲ್ಲೂ ಅವನು ಮೊದಲು ಗೂಟ ಹುಡುಕುತ್ತಾನೆ, ಕಟ್ಟಿಹಾಕುತ್ತಾನೆ, ಆಮೇಲೆ ಉಳಿದ ಮಾತು.

ಈಗ ಅಕ್ಕನ ಪೇಚಾಟ ನೋಡಿ. ಗೂಟ ಅವಳೇ ಎಂದು ಅವನಿಗೆ ಕಂಡರೆ ಇನ್ನೈದು ವರ್ಷ ಇಲ್ಲೇ, ಮಗಳು ಬೆಳೆದು ತನ್ನ ದಾರಿ ಹಿಡಿಯುವ ತನಕ. ಲಾಂಡ್ರಿ ತನ್ನಷ್ಟಕ್ಕೆ ನಡೆಯುತ್ತದೆ ಎಂದು ಕಂಡರೆ ಅವಳಿಗೆ ಬಿಡುಗಡೆ. ಬಾಯಿಬಿಟ್ಟು ಹೇಳಿಬಿಡಬಹುದಿತ್ತಲ್ಲ, ಗೆಳೆಯನೇ ತಾನೆ, ಅಂತೀರಿ. ಅವಳು ಹೇಳಲಾರಳು. ಗೂಟ ಕಿತ್ತುಕೊಂಡು ಹೊರಟಿದೆ ಎಂದು ಗೊತ್ತಾದರೆ ಕೊಳ್ಳುವವನು ಎದ್ದು ಹೋಗುತ್ತಾನೆ, ಇಲ್ಲವೇ ಇನ್ನೂ ಆಳಕ್ಕೆ ಬಡಿಯುತ್ತಾನೆ. ಅದನ್ನು ಅವನ ಕಿವಿಗೆ ಊದಿದವಳೂ ಇವಳೇ. ಮನೆಯಲ್ಲಿ ಹೇಳೋಣವೆಂದರೆ, ಹಿಂದೊಮ್ಮೆ ಬಾಯಿ ತೆರೆದಾಗ ಅಮ್ಮ, "ಹೋಗುವಿಯಂತೆ ಬಿಡೇ, ಈ ಸೀಸನ್ ಒಂದು ಕಳೀಲಿ" ಎಂದು ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದ್ದರು. ಆ ಮನೆಯಲ್ಲಿ ಕೆಟ್ಟವರು ಯಾರೂ ಇಲ್ಲ, ಅದೇ ಅವಳ ಕರ್ಮ.

ಇದರ ಜೊತೆಗೆ ಬ್ಯಾಚಿನ ಪುನರ್ಮಿಲನವೂ ಅದೇ ವಾರ, ಅದೇ ಊರಿನಲ್ಲಿ ಬಿತ್ತು. ಅವರ ಬ್ಯಾಚಿಗೆ ಒಂದು ಪದ್ಧತಿ ಉಂಟು. ಮೊದಲ ಸಲ ಸೇರಿದಾಗ ಎಲ್ಲರೂ ಮೈಕು ಹಿಡಿದು ತಂತಮ್ಮ ಬಗ್ಗೆ ಕೊಚ್ಚಿಕೊಂಡು ಕೊಚ್ಚಿಕೊಂಡು ಊಟ ತಣ್ಣಗಾಗಿ ಹೋಯಿತು. ಅಂದಿನಿಂದ ಯಾರೂ ತಮ್ಮನ್ನು ತಾವು ಪರಿಚಯಿಸಿಕೊಳ್ಳುವಂತಿಲ್ಲ. ಪ್ರಾಜೆಕ್ಟಿನ ಜೊತೆಗಾರರೇ ಒಬ್ಬರನ್ನೊಬ್ಬರು ಪರಿಚಯಿಸಬೇಕು. ಹಾಗಾಗಿ ಸೇರುವ ಮೊದಲು ಜೋಡಿ ಜೋಡಿಯಾಗಿ ಫೋನು ಮಾಡಿ, ಹೇಗಿದ್ದೀಯ, ಏನು ಕಥೆ ಎಂದು ಬದುಕನ್ನೆಲ್ಲ ಕೇಳಿಕೊಳ್ಳುವುದು ರೂಢಿ. "ಫೋನು ಬೇಡ, ಹೇಗೂ ಹಿಂದಿನ ದಿನ ಲಾಂಡ್ರಿಗೆ ಬರ್ತೀನಲ್ಲ, ಎರಡೂ ಕೆಲ್ಸ ಆಗುತ್ತೆ" ಎಂದು ಮೌನಿ ಮೆಸೇಜು ಹಾಕಿದ.

ಅಕ್ಕ ತಯಾರಿ ಮಾಡಿದಳು. "ನಾಳೆ ಅವನು ಇರೋ ತನಕ ಬೆಂಕಿ ಬಿದ್ರೂ ನನ್ನ ಹತ್ರ ಯಾರೂ ಬರಬಾರದು. ಏನಿದ್ರೂ ನನ್ನ ತಮ್ಮನನ್ನ ಕೇಳಿ" ಎಂದು ಎಲ್ಲರಿಗೂ ತಾಕೀತು ಮಾಡಿದಳು. ತಮ್ಮ, ಇದು ವ್ಯಾಪಾರದ ವರಸೆ ಇರಬೇಕೆಂದು ಕಣ್ಣು ಮಿಟುಕಿಸಿದ. ಅವಳ ಆಫೀಸು ಯಂತ್ರಗಳ ಹಾಲಿನ ಮೇಲೆ, ಕಬ್ಬಿಣದ ಮೆಟ್ಟಿಲು ಹತ್ತಿದರೆ ಸಿಗುವ ಗಾಜಿನ ಕೋಣೆ. ಕೆಳಗಿನವರು ಕತ್ತೆತ್ತಿ ನೋಡಿದರೆ ಅವಳು ಕಾಣಬೇಕೆಂದೇ ಅಪ್ಪ ಮಾಡಿಸಿದ್ದು. ಬರುವವನ ಕುರ್ಚಿಯನ್ನು ಗಾಜಿಗೆ ಬೆನ್ನು ಮಾಡಿ ಹಾಕಿದಳು. ಅವರು ಎಷ್ಟು ಸಲ ಕತ್ತೆತ್ತುತ್ತಾರೆ ಎಂಬುದು ಅವನಿಗೆ ಕಾಣಬಾರದು.

ಮೌನಿ ಬಂದ. ತಲೆ ನರೆತಿತ್ತು, ಅಂಗಿಯ ಇಸ್ತ್ರಿ ನೆಟ್ಟಗಿತ್ತು. ಕಾಫಿ ಕೈಗೆ ತೆಗೆದುಕೊಂಡು, "ಹೇಳು. ಬದುಕು ಹೇಗಿದೆ?" ಎಂದ.

"ಆರಾಮ್ ಕಣೋ. ಎಲ್ಲಾ ತಮ್ಮನೇ ನೋಡ್ಕೋತಾನೆ. ನಾನು ಬರ್ತೀನಿ, ಕೂತ್ಕೋತೀನಿ, ಹೋಗ್ತೀನಿ. ನೀನು ಹೇಳು."

"ನಂದೇನಿದೆ. ಬೆಳಿಗ್ಗೆ ಎದ್ರೆ ಯಾವ ಊರು ಅಂತ ಕಿಟಕಿ ತೆಗೆದು ನೋಡ್ಬೇಕು. ಒಂದು ಮನೆ ತಗೊಂಡಿದೀನಿ. ಸೋಫಾದ ಪ್ಲಾಸ್ಟಿಕ್ ಇನ್ನೂ ತೆಗ್ದಿಲ್ಲ."

"ಯಾಕೋ?"

"ಯಾರು ಕೂರ್ತಾರೆ?" ಎಂದು ನಕ್ಕ. "ನಿನ್ನೆ ರಾತ್ರಿ ಈ ಊರಿನ ಹೋಟೆಲಲ್ಲಿ ಮಾತ್ರ ಒಳ್ಳೇ ನಿದ್ದೆ ಬಂತು."

"ಅಲ್ಲಿನ ಶೀಟುಗಳು ನಮ್ಮವೇ" ಎಂದಳು ಅಕ್ಕ, ಬೇಡವೆಂದರೂ ದನಿಯಲ್ಲಿ ಹೆಮ್ಮೆ ಇಣುಕಿತು.

ಇಬ್ಬರೂ ನಕ್ಕರು. ಹಳೆಯ ಕ್ಯಾಂಟೀನಿನ ನಗು ಅದು. ಒಂದು ಗಳಿಗೆ ಅವಳಿಗೆ ಎಲ್ಲವನ್ನೂ ಹೇಳಿಬಿಡಬೇಕು ಅನ್ನಿಸಿತು. ಮಗಳು ಹೀಗೆ ಕೇಳ್ತಾಳೆ ಕಣೋ, ನನ್ನನ್ನ ಬಿಟ್ಟುಬಿಡು, ಇದೊಂದು ಸಲ ಗೂಟಾನ ಕೇಳು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಕೆಳಗೆ ದೊಡ್ಡ ಡ್ರೈಯರಿನ ಸದ್ದು ಬದಲಾಯಿತು.

ಬೇರೆಯವರಿಗೆ ಅದು ಕೇಳಿಸುವಂಥದ್ದಲ್ಲ. ಬೆಲ್ಟು ಜಾರುತ್ತಿತ್ತು. ಡ್ರಮ್ಮು ತಿರುಗಿದಂತೆ ಮಾಡುತ್ತದೆ, ಒಳಗೆ ಬಟ್ಟೆ ಉರುಳುವುದಿಲ್ಲ. ಮೇಲಿನ ಪದರ ಒಣಗಿರುತ್ತದೆ, ನಡುವಿನದು ಹಸಿ ಹಸಿ. ಅಕ್ಕನ ಪಾದ ತಾನಾಗಿಯೇ ನೆಲ ಒತ್ತಿ ಏಳಲು ಸಿದ್ಧವಾಯಿತು. ಅವಳು ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದಳು. ಮೌನಿಯ ಭುಜದಾಚೆ, ಗಾಜಿನಲ್ಲಿ, ತಮ್ಮ ಕತ್ತೆತ್ತಿ ನೋಡುತ್ತಿದ್ದ. ಇಸ್ತ್ರಿ ರೋಲರಿನ ಹೆಂಗಸೂ ಕತ್ತೆತ್ತಿದಳು. ಅಕ್ಕ ತನ್ನ ಕಾಫಿಯನ್ನೇ ನೋಡಿದಳು. ಏಳಬೇಡ, ಏಳಬೇಡ ಎಂದು ಒಳಗೊಳಗೇ ಬೇಡಿಕೊಂಡಳು. ತಮ್ಮ ಒಂದು ಗಳಿಗೆ ಕಾದು, ಹೆಗಲು ಹಾರಿಸಿ, ಬಟ್ಟೆಯನ್ನೆಲ್ಲ ಹೊರಗೆಳೆಸಿ ರೋಲರಿಗೆ ಕೊಡಿಸಿದ. ಬಿಳಿ ಟೇಬಲ್ ಬಟ್ಟೆಗಳು. ಬಿಸಿಗೆ ಹಬೆ ಎದ್ದಿತು, ಸುಕ್ಕು ಹೋಯಿತು, ನೋಡುವುದಕ್ಕೆ ಲಕ್ಷಣವಾಗಿಯೇ ಇದ್ದವು. ಮಡಚಿ ವ್ಯಾನಿಗೆ ಹಾಕಿದರು. ಅಕ್ಕ ಏಳಲಿಲ್ಲ.

ಆಮೇಲೆ ತಮ್ಮ ಮೌನಿಯನ್ನು ಕರೆದುಕೊಂಡು ಕೆಳಗೆಲ್ಲ ಸುತ್ತಿಸಿದ. ಬಾಯ್ಲರು, ಸೋಪಿನ ಪೀಪಾಯಿ, ಕೊಳೆ ಬರುವ ಬಾಗಿಲು, ಶುದ್ಧ ಹೋಗುವ ಬಾಗಿಲು. ಕೇಳಿದ್ದಕ್ಕೆಲ್ಲ ಪಟಪಟನೆ ಉತ್ತರ ಕೊಟ್ಟ. ಹೊರಡುವಾಗ ಮೌನಿ ಮೆಟ್ಟಿಲ ಬುಡದಲ್ಲಿ ನಿಂತು ಅಕ್ಕನ ಮುಖ ನೋಡಿದ.

"ನೀನು ಇಷ್ಟು ಹೊತ್ತು ಸುಮ್ನೆ ಕೂತಿದ್ದನ್ನ ನಾನು ಯಾವತ್ತೂ ನೋಡಿರ್ಲಿಲ್ಲ" ಎಂದ.

ಅವನು ಯಾವ ದನಿಯಲ್ಲಿ ಹೇಳಿದ ಎಂದು ಅವಳು ಯೋಚಿಸಲಿಲ್ಲ. ಗೆದ್ದೆ ಎಂದುಕೊಂಡಳು. ಆ ಸಂಜೆ ಮಗಳ ಫೋನು ಬಂದಾಗ ಪ್ರಶ್ನೆಯನ್ನೂ ಕೇಳಲು ಬಿಡದೆ, "ಈ ಸಲ ಬೇರೆ ಉತ್ತರ ಇದೆ ಪುಟ್ಟಿ. ನಾಳೆ ಊಟ ಮಾಡಿ ಫೋನ್ ಮಾಡು, ಹೇಳ್ತೀನಿ" ಎಂದಳು. ಹುಡುಗಿ ಆ ಕಡೆ ಕಿರುಚಿದ ರಭಸಕ್ಕೆ ಅಕ್ಕ ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು.

ಮಾರನೆಯ ಸಂಜೆ ಪುನರ್ಮಿಲನ ನಡೆಯುವ ಹೋಟೆಲಿನ ಹಾಲಿಗೆ ಎಲ್ಲರಿಗಿಂತ ಮೊದಲು ಹೋದವಳು ಅಕ್ಕನೇ. ಹೊಸ ಬಟ್ಟೆ ಹಾಕಿದ್ದಳು, ಎಷ್ಟೋ ಕಾಲದ ಮೇಲೆ ಕಿವಿಗೆ ಒಳ್ಳೆಯ ಓಲೆ. ಮೇಜುಗಳನ್ನು ಆಗಲೇ ಸಿಂಗರಿಸಿದ್ದರು. ಒಂದು ಕುರ್ಚಿ ಎಳೆದು ಕೂತಳು. ಮೂಗಿಗೆ ಬಂತು ವಾಸನೆ.

ಹಸಿ ಮಡಿಸಿಟ್ಟ ಬಟ್ಟೆಯ ಮುಗ್ಗಲು ವಾಸನೆ. ಬೆರಳಿಟ್ಟು ನೋಡಿದಳು. ಮಡಿಕೆಯ ಉದ್ದಕ್ಕೂ ಹಳದಿ ಗೆರೆ. ನಿನ್ನೆ ಅವಳು ಏಳದೆ ಕೂತಿದ್ದಾಗ ರೋಲರು ದಾಟಿ ಹೋದ ಬಟ್ಟೆಗಳೇ ಇವು. ಎಲ್ಲ ಮೇಜಿನ ಮೇಲೂ ಅವೇ ಇದ್ದವು.

ಬಿಡು, ನನಗೇನು? ಎಂದುಕೊಂಡಳು. ಇವತ್ತಿಗೆ ಕೈ ತೊಳೆದುಕೊಂಡಾಯಿತು. ಬರುವವರು ಮಾತಿನ ಭರದಲ್ಲಿ ಮೂಗು ಮುಚ್ಚಿಕೊಂಡಾರು, ಹೋಗಲಿ. ಕುರ್ಚಿಯನ್ನು ಇನ್ನಷ್ಟು ಮುಂದೆಳೆದುಕೊಂಡು, ಫೋನು ತೆಗೆದು, ಮಗಳ ಫೋಟೋ ನೋಡುತ್ತಾ ಕೂತಳು. ನಿಜವಾಗಿಯೂ ಕೂತಳು. ಆಗ ಹಾಲಿನ ಮೇಲ್ವಿಚಾರಕಿ ಬಂದು, ಬಟ್ಟೆಯ ಅಂಚು ಎತ್ತಿ ಮೂಸಿ, ಬಿಳಿಚಿಕೊಂಡು ಅವಳ ಕಡೆ ತಿರುಗಿದಳು.

"ಅಕ್ಕಾ, ಏನಿದು? ಮ್ಯಾನೇಜರ್ ನೋಡಿದ್ರೆ ನನ್ನ ಕಥೆ ಮುಗೀತು."

ಅಷ್ಟೇ. ಅಕ್ಕ ಎದ್ದಾಗಿತ್ತು. ಯಾವಾಗ ಎದ್ದೆ ಎಂದು ಅವಳಿಗೇ ತಿಳಿಯಲಿಲ್ಲ. ತಮ್ಮನಿಗೆ ಫೋನು ಹೋಯಿತು. "ಎಲ್ಲಾ ವಾಪಸ್ ಬರ್ತಿದೆ. ಡ್ರೈಯರ್ ಬೆಲ್ಟ್ ನೋಡ್ಲಿಲ್ವೇನೋ? ಇರ್ಲಿ, ಈಗ ಬಾಯ್ಬಿಡ್ಬೇಡ, ಕೇಳು. ಮದುವೆ ಪಾರ್ಟಿಗೆ ಅಂತ ಇಟ್ಟಿದ್ದು ಹಿಂದಿನ ಬೀರುವಿನ ಮೇಲಿನ ಖಾನೆಯಲ್ಲಿದೆ. ರೋಲರ್ ನಿಧಾನಕ್ಕೆ ಹಾಕಿ ಒಂದು ಸಲ ಎಳೆಸು, ಮಡಚಬೇಡ, ಕೋಲಿಗೆ ತೂಗುಹಾಕಿ ಕಳಿಸು. ಡ್ರೈವರ್‌ಗೆ ಹಿಂದಿನ ಬಾಗಿಲಿಗೆ ಬರಕ್ಕೆ ಹೇಳು." ಆ ಕಡೆ ಫೋನಿಡುವಷ್ಟರಲ್ಲಿ ತೋಳು ಮಡಚಿ, ಮೇಜಿನ ಬಟ್ಟೆಗಳನ್ನು ಸರಸರನೆ ಎಳೆದು ಗಂಟು ಕಟ್ಟುತ್ತಿದ್ದಳು. ಹೋಟೆಲಿನ ಹುಡುಗಿಯರಿಗೆ ಒಬ್ಬೊಬ್ಬರಿಗೂ ಒಂದೊಂದು ಸಾಲು ಹಂಚಿದಳು. ವ್ಯಾನು ಬಂತು. ಕೋಲಿಗೆ ತೂಗುಹಾಕಿದ್ದ ಬಟ್ಟೆಗಳನ್ನು ಇಬ್ಬಿಬ್ಬರು ಹಿಡಿದು ಹೇಗೆ ಝಾಡಿಸಿ ಹಾಸಬೇಕೆಂದು ತೋರಿಸಿದಳು. ಮೇಜುಗಳ ಸಾಲು ಬೆಳ್ಳಗೆ, ಬೆಚ್ಚಗೆ ಆಯಿತು. ಎಲ್ಲರೂ ಅವಳ ಕಡೆಗೇ ತಿರುಗಿ ನೋಡುತ್ತಿದ್ದರು. ಇಸ್ತ್ರಿಯ ಬಿಸಿ ಇನ್ನೂ ಆರದ ಬಟ್ಟೆಯ ಮೇಲೆ ಅಂಗೈ ಸವರಿ, ತೃಪ್ತಿಯಿಂದ ತಲೆ ಎತ್ತಿದಳು.

ಬಾಗಿಲಲ್ಲಿ ಮೌನಿ ನಿಂತಿದ್ದ. ಯಾವಾಗಿನಿಂದ ನಿಂತಿದ್ದನೋ. ಫೋನು ತೆಗೆದುಕೊಂಡು ಕಾರಿಡಾರಿಗೆ ಹೋದ.

ಅಕ್ಕ ಬಟ್ಟೆಯ ಮೇಲಿನ ಕೈ ತೆಗೆದಳು.

ಕ್ಲಾಸಿನವರು ಗದ್ದಲ ಮಾಡಿಕೊಂಡು ಬಂದರು. ದಪ್ಪಗಾದವರು, ಬೋಳಾದವರು, ಎರಡನೇ ಮದುವೆಯಾದವರು, ಮಕ್ಕಳ ಫೋಟೋ ತೋರಿಸುವವರು. ತಬ್ಬಿಕೊಂಡರು, ಬೆನ್ನು ತಟ್ಟಿದರು. ಅಕ್ಕ ನಕ್ಕಳು, ಮಾತಾಡಿದಳು, ಒಂದೂ ತಲೆಗೆ ಹೋಗಲಿಲ್ಲ. ಕಣ್ಣು ಮೌನಿಯನ್ನೇ ಹುಡುಕುತ್ತಿತ್ತು. ಅವನನ್ನು ಒಂದು ಮೂಲೆಗೆ ಎಳೆದು ಮಾತಾಡಬೇಕು, ಈಗಲಾದರೂ ಹೇಳಬೇಕು ಎಂದು ಎರಡು ಹೆಜ್ಜೆ ಇಟ್ಟಳು. ಅಷ್ಟರಲ್ಲಿ ಯಾರೋ ಅವನ ಕೈಗೆ ಮೈಕು ಕೊಟ್ಟರು.

"ನನಗೆ ಮಾತು ಬರಲ್ಲ ಅಂತ ನಿಮಗೆ ಗೊತ್ತು" ಎಂದು ಶುರು ಮಾಡಿದ. ಎಲ್ಲರೂ ಹೋ ಎಂದರು. "ನಿನ್ನೆ ಇವಳನ್ನ ನೋಡಕ್ಕೆ ಹೋಗಿದ್ದೆ. ಇವಳು ಗಾಜಿನ ಕೋಣೇಲಿ ಗೊಂಬೆ ಥರ ಕೂತಿದ್ಲು. ಒಂದು ಸಲಾನೂ ಏಳ್ಲಿಲ್ಲ. ಮನೆಯವರು ಇವಳನ್ನ ಮೂಲೆಗೆ ಕೂರಿಸಿಬಿಟ್ಟಿದ್ದಾರೆ ಅನ್ಕೊಂಡೆ. ನಮ್ಮ ಕ್ಲಾಸಿನ ಬೆಂಕಿ ಆರಿಹೋಯ್ತಲ್ಲ ಅಂತ ರಾತ್ರಿ ನಿದ್ದೆ ಬರ್ಲಿಲ್ಲ. ಈ ಲಾಂಡ್ರಿಗೆ ಇವಳ ಅಗತ್ಯ ಇಲ್ಲ, ಇವಳನ್ನ ಬಿಟ್ಟೇ ಕೊಳ್ಳಬಹುದು ಅಂತ ನಮ್ಮವರಿಗೆ ಬರೆದೂ ಬಿಟ್ಟಿದ್ದೆ." ಮೈಕನ್ನು ಇನ್ನೊಂದು ಕೈಗೆ ತೆಗೆದುಕೊಂಡ. "ಇವತ್ತು ಈ ಬಾಗಿಲಲ್ಲಿ ನಿಂತು ನೋಡ್ದೆ. ನೀವೆಲ್ಲ ಈಗ ಕೈ ಇಟ್ಕೊಂಡಿರೋ ಈ ಬಟ್ಟೆ, ನೀವು ಬರೋದಕ್ಕೆ ಸ್ವಲ್ಪ ಮುಂಚೆ ಇವಳು ನಿಂತು ಹಾಸಿಸಿದ್ದು. ನಾವೆಲ್ಲ ಕಂಪನಿ ನಡೆಸೋದು ಕಲಿತ್ವಿ. ಇವಳೇ ಒಂದು ಕಂಪನಿ. ಬರೆದಿದ್ದು ತಪ್ಪು, ಇವಳಿಲ್ದೆ ಕೊಳ್ಳೋ ಹಾಗಿಲ್ಲ ಅಂತ ಈಗ ತಾನೇ ಫೋನ್ ಮಾಡಿ ಹೇಳ್ದೆ. ಒಪ್ಕೊಂಡ್ರು. ಐದು ವರ್ಷ ಇವಳೇ ಮುಖ್ಯಸ್ಥೆ. ಇವಳದೇ ನಿಯಮ, ನೆನಪಿದೆಯಲ್ಲ?"

ಯಾರಿಗೆ ನೆನಪಿರಲಿಲ್ಲ! ಹಿಂದಿನ ಬೆಂಚಿನ ಆ ತರಲೆ ಕುರ್ಚಿಯ ಮೇಲೆ ಹತ್ತಿ ನಿಂತ. "ಗೂಟಾನ ಯಾರು ಕೇಳ್ತಾರೆ?" ಎಂದು ಕೂಗಿದ.

ಇಡೀ ಹಾಲು ಅಂದಿನಂತೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಚಪ್ಪಾಳೆ ಬಿತ್ತು, ಮೇಜು ಕುಟ್ಟಿದರು, ಒಬ್ಬಿಬ್ಬರು ಕಣ್ಣೊರೆಸಿಕೊಂಡರು. ಅಕ್ಕನೂ ನಕ್ಕಳು. ನಗದೆ ಏನು ಮಾಡಿಯಾಳು? ಎಲ್ಲರೂ ಪ್ರೀತಿಯಿಂದ ಬಡಿಯುತ್ತಿದ್ದರು.

ಮೌನಿ ಪಕ್ಕಕ್ಕೆ ಬಂದು ಮೆಲ್ಲಗೆ, "ಖುಷಿ ತಾನೇ?" ಎಂದ. ಅವನ ಕಣ್ಣಲ್ಲಿ ನೀರಿತ್ತು. ಮನೆಯಲ್ಲಿ ಪ್ಲಾಸ್ಟಿಕ್ ತೆಗೆಯದ ಸೋಫಾ ಇಟ್ಟುಕೊಂಡವನು, ತನಗೆ ತಿಳಿದ ಒಂದೇ ಒಂದು ಉಡುಗೊರೆಯನ್ನು ಅವಳಿಗೆ ಕೊಟ್ಟಿದ್ದ.

"ನಾನು ಹೋಗ್ಬೇಕು ಅಂತಿದ್ದೆ ಕಣೋ" ಎಂದಳು ಅಕ್ಕ.

ಚಪ್ಪಾಳೆಯ ಸದ್ದಿನಲ್ಲಿ ಅವನು ಕಿವಿ ಹತ್ತಿರ ತಂದ. "ಎಲ್ಲಿಗೆ? ಊಟ ಮಾಡ್ಕೊಂಡು ಹೋಗೇ!"

ಅವಳು ಬಾಯಿ ತೆರೆದಳು. ಅಷ್ಟರಲ್ಲಿ ತಮ್ಮನ ಮೆಸೇಜು ಬಂತು: ಅವರು ಫೋನ್ ಮಾಡಿದ್ರು, ಎಲ್ಲಾ ಒಪ್ಪಿಗೆ, ಅಪ್ಪ ಖುಷಿಯಲ್ಲಿ ಅಳ್ತಿದ್ದಾರೆ, ಅಮ್ಮ ನಿನಗೆ ದೃಷ್ಟಿ ತೆಗೀಬೇಕು ಅಂತಿದ್ದಾರೆ. ಅಕ್ಕ ಅದನ್ನು ಓದಿದಳು, ಬಾಯಿ ಮುಚ್ಚಿದಳು, "ಹ್ಞೂಂ, ಖುಷಿ" ಎಂದಳು.

ಊಟ ಬಡಿಸುವ ಹೊತ್ತಿಗೆ ಮಗಳ ಫೋನು ಬಂತು. ಅಕ್ಕ ಹಾಲಿನ ಹೊರಗೆ, ಕೊಳೆ ಬಟ್ಟೆಯ ಗಂಟುಗಳನ್ನು ಪೇರಿಸಿಟ್ಟಿದ್ದ ಕಾರಿಡಾರಿಗೆ ಹೋಗಿ ನಿಂತಳು.

"ಅಮ್ಮ, ಊಟ ಆಯ್ತು. ಹೇಳು ಈಗ. ಹೇಳು ಹೇಳು."

'ನೋಡೋಣ' ಎಂಬ ಆ ಹಾಳು ಮಾತು ಕೂಡ ಅಕ್ಕನ ಬಾಯಿಂದ ಹೊರಡಲಿಲ್ಲ. ಐದು ವರ್ಷಕ್ಕೆ ಇನ್ನು ನೋಡುವುದಕ್ಕೇನಿದೆ? ಕಾಲ ಬುಡದಲ್ಲಿ ಗಂಟುಗಳಿಂದ ಮುಗ್ಗಲು ವಾಸನೆ ಬರುತ್ತಿತ್ತು.

"ಅಮ್ಮ? ಕೇಳಿಸ್ತಿದೆಯಾ?"

"ಕೇಳಿಸ್ತಿದೆ ಪುಟ್ಟಿ."

ಅಮ್ಮನ ಉಸಿರು ಎಲ್ಲಿ ತಡೆಯಿತು ಎಂಬುದನ್ನು ಹುಡುಗಿ ಅಷ್ಟು ದೂರದಿಂದ ಕೇಳಿಸಿಕೊಂಡಿರಬೇಕು. ಆಮೇಲೆ ಅವಳು, ದೊಡ್ಡವರು ಚಿಕ್ಕವರನ್ನು ಸಮಾಧಾನ ಮಾಡುವ ದನಿಯಲ್ಲಿ ಹೇಳಿದಳು:

"ಪರವಾಗಿಲ್ಲ ಬಿಡಮ್ಮ. ನೋಡೋಣ."